ಕೊರಳ ಗಂಟು

ಚಿಕ್ಕ ಮಕ್ಕಳಿರುವ ಮನೆಗಳ ಗೃಹಸ್ಥರಿಗೆ ನಮ್ಮ ಅನುಭವದಿಂದ ಎಳ್ಳಷ್ಟಾದರೂ ಪ್ರಯೋಜನವಾದೀತೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು. ನಾವೆಂದರೆ ಗಂಡಹೆಂಡಿರಿಬ್ಬರೂ. ನಡೆದುದೆಲ್ಲವೂ ಇಬ್ಬರ ಪಾಲಿಗೂ ಒಂದೇ ಸಮನಾಗಿ ನಡೆದುದರಿಂದ ಇದರಲ್ಲಿ ‘ನಾನು’ ಎಂಬ ಮಾತಿಗೆ ಎಡೆಯಿಲ್ಲ. ಮಾಡಿದ ತಪ್ಪುಗಳೂ ಇಬ್ಬರವೇ.

ನಮ್ಮದು ಬೇಲೂರು ತಾಲ್ಲೂಕಿನ ಅರೇಹಳ್ಳಿ, ಕಾಫಿಯ ಸೀಮೆ. ಮನೆಯಲ್ಲಿ ನಾವಿಬ್ಬರು, ಐದೂವರೆ ವರ್ಷದ ನಮ್ಮ ಮಗಳು, ಮತ್ತು ನಮ್ಮಲ್ಲಿ ಒಬ್ಬರಿಗೆ ತಾಯಿಯೂ ಇನ್ನೊಬ್ಬರಿಗೆ ಅತ್ತೆಯೂ ಆದ ವೃದ್ಧೆ. ಮಗು ಕರೆಯುವಂತೆ ನಾವೂ ಇಲ್ಲಿ ಅವರನ್ನು ಅಜ್ಜಿಯೆಂದೇ ಕರೆಯುವೆವು. ಮಗು ಮಲಗುತ್ತಿದ್ದುದು ಅಜ್ಜಿಯ ಮಗ್ಗುಲಲ್ಲಿ, ಉಣ್ಣುತ್ತಿದ್ದುದು ಅಜ್ಜಿಯ ಕೈತುತ್ತು.

2024ರ ನವೆಂಬರಿನ ಒಂದು ಸಂಜೆ ಮಗುವಿಗೆ ನೀರು ಹಾಕುತ್ತಿರುವಾಗ, ಎಡದವಡೆಯ ಕೆಳಗೆ ಕೊರಳಿನಲ್ಲಿ ಗಜ್ಜುಗದಷ್ಟು ದಪ್ಪದ ಗಂಟೊಂದು ಕೈಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ, ಮೈಯಲ್ಲಿ ಜ್ವರವಿಲ್ಲ. ಶೀತಕ್ಕೆ ಬಂದಿರಬಹುದೆಂದು ಊರಿನ ಡಾಕ್ಟರವರು ಕೊಟ್ಟ ಔಷಧವನ್ನು ಎರಡು ವಾರ ಕುಡಿಸಿದೆವು. ಗಂಟು ಕರಗಲಿಲ್ಲ; ಗೋಟಡಕೆಯ ಗಾತ್ರಕ್ಕೆ ಬೆಳೆದು, ಪಕ್ಕದಲ್ಲಿ ಇನ್ನೆರಡು ಸಣ್ಣವನ್ನು ಕೂಡಿಸಿಕೊಂಡಿತು. ಅಜ್ಜಿ ಒಮ್ಮೆ ಮುಟ್ಟಿ ನೋಡಿ, ತಗ್ಗಿದ ದನಿಯಲ್ಲಿ “ಗಂಡಮಾಲೆ” ಎಂದರು. ಮತ್ತೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಆ ರಾತ್ರಿ ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯವನ್ನು ಕಟ್ಟಿ, ಬೇಲೂರಿನ ಚೆನ್ನಕೇಶವನಿಗೆಂದು ಮುಡಿಪಿಟ್ಟರು.

ಹಾಸನದಲ್ಲಿ ಜಿಲ್ಲೆಯ ದೊಡ್ಡ ಆಸ್ಪತ್ರೆಯೊಡನೆ 2006ರಿಂದ ವೈದ್ಯಕೀಯ ಕಾಲೇಜೂ ಇದೆ. ಬೇಲೂರಿನಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರು. ಡಿಸೆಂಬರಿನ ಮಂಜಿನಲ್ಲಿ ಮೊದಲ ಬಸ್ಸನ್ನು ಹಿಡಿದು ಹಾಸನಕ್ಕೆ ಹೋದೆವು. ಅಲ್ಲಿ ಮಗುವನ್ನು ನೋಡಿದ ಡಾಕ್ಟರವರು ಬಹು ತಾಳ್ಮೆಯುಳ್ಳವರು. ಜ್ವರ ಬರುತ್ತದೆಯೆ, ರಾತ್ರಿ ಬೆವರುತ್ತಾಳೆಯೆ, ತೂಕ ಇಳಿದಿದೆಯೆ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, “ಮನೆಯಲ್ಲಿ ಯಾರಿಗಾದರೂ ಬಹುದಿನದ ಕೆಮ್ಮು ಉಂಟೋ?” ಎಂದರು. “ಇಲ್ಲ” ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ಈ ‘ಇಲ್ಲ’ವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲು ಎದೆಯ ಎಕ್ಸ್‌ರೇ ಆಯಿತು. ಅದರಲ್ಲಿ ದೋಷ ಕಾಣಲಿಲ್ಲ. ಮುಂಗೈಯ ಚರ್ಮದೊಳಕ್ಕೆ ಮ್ಯಾಂಟೂ ಎಂಬ ಚುಚ್ಚುಮದ್ದನ್ನು ಹಾಕಿ, ಮೂರನೆಯ ದಿನ ಅಲ್ಲಿ ಎದ್ದ ಗಡಸು ದದ್ದನ್ನು ಅಳತೆಪಟ್ಟಿಯಿಂದ ಅಳೆದರು. ಅದು 10 ಮಿಲಿಮೀಟರನ್ನು ದಾಟಿತ್ತು. ಕ್ಷಯದ ಕ್ರಿಮಿ ಎಂದಾದರೊಮ್ಮೆ ಮೈಯನ್ನು ಹೊಕ್ಕಿದೆಯೆಂಬುದನ್ನು ಅದು ಸೂಚಿಸಬಹುದೇ ಹೊರತು, ಈ ಗಂಟು ಅದರಿಂದಲೇ ಬಂದುದೆಂದು ನಿರ್ಧರಿಸಲಾರದೆಂದು ಡಾಕ್ಟರವರು ತಿಳಿಸಿದರು. ಆದುದರಿಂದ ಗಂಟಿಗೆ ಸಣ್ಣ ಸೂಜಿಯನ್ನು ಚುಚ್ಚಿ ಒಳಗಿನ ರಸವನ್ನು ಎಳೆದು ನೋಡಬೇಕಾಯಿತು.

ನಮ್ಮ ಮೊದಲ ತಪ್ಪು ನಡೆದುದು ಇಲ್ಲಿಯೇ. ಸೂಜಿಯೆಂದರೆ ಅಂಜುವ ಮಗು; ಹೊರಗೆ ಕುಳಿತಿದ್ದಾಗಲೇ “ಅಮ್ಮ, ಚುಚ್ಚುತ್ತಾರಾ?” ಎಂದು ಕೇಳಿತು. “ಇಲ್ಲ ಪುಟ್ಟಿ, ಸುಮ್ಮನೆ ಮುಟ್ಟಿ ನೋಡುತ್ತಾರೆ” ಎಂದು ಹೇಳಿದೆವು. ಸೂಜಿ ಚುಚ್ಚಿದುದು ನಿಮಿಷಕ್ಕೂ ಕಡಮೆ ಹೊತ್ತು. ಮಗು ಕಿರಿಚಿಕೊಳ್ಳುತ್ತದೆಂದು ನಾವು ಎಣಿಸಿದ್ದೆವು. ಅದು ಕಿರಿಚಲಿಲ್ಲ. ಚುಚ್ಚಿದವರನ್ನು ಸಹ ನೋಡಲಿಲ್ಲ. ತಲೆಯನ್ನು ಹಿಡಿದುಕೊಂಡಿದ್ದ ನಮ್ಮ ಮುಖವನ್ನೇ ನೋಡಿತು. ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರ ತೊಡೆಯನ್ನೂ ಒಲ್ಲದೆ ಕಿಟಕಿಯ ಕಡೆ ತಿರುಗಿ ಕುಳಿತಿತು. ಮರುದಿನ ಹಾಲಿನ ಲೋಟವನ್ನು ಕೈಗೆ ಕೊಟ್ಟಾಗ, “ಇದರಲ್ಲಿ ಮದ್ದು ಹಾಕಿದ್ದೀರಾ?” ಎಂದು ಕೇಳಿತು. ಸೂಜಿಯ ನೋವು ಅಂದೇ ಮಾಯವಾಗಿತ್ತು. ನಮ್ಮ ಸುಳ್ಳಿನ ನೋವು ಮಾತ್ರ ಹಾಗೆಯೇ ಉಳಿದಿತ್ತು.

ಇಷ್ಟಾಗಿಯೂ ಸೂಜಿಯ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಬಂದ ಕೋಶಗಳು ಸಾಲವು, ನಿರ್ಣಯಕ್ಕೆ ಎಡೆಯಿಲ್ಲ ಎಂಬುದೇ ವರದಿ. ಇನ್ನು ಮಗುವಿಗೆ ಪ್ರಜ್ಞೆ ತಪ್ಪಿಸಿ, ಒಂದು ಗಂಟನ್ನು ಇಡಿಯಾಗಿ ತೆಗೆದು ಪರೀಕ್ಷಿಸುವುದೇ ದಾರಿಯೆಂದು ಡಾಕ್ಟರವರು ಹೇಳಿದರು. ಏನಿರಬಹುದೆಂದು ಕೇಳಿದಾಗ ಅವರು ಮರೆಮಾಚಲಿಲ್ಲ. “ಸಾಮಾನ್ಯ ನಂಜಿನಿಂದ ಊದಿದ ಗಂಟಾಗಿರಬಹುದು, ಕ್ಷಯವಾಗಿರಬಹುದು, ಅಪರೂಪಕ್ಕೆ ಇದೇ ರೀತಿಯ ಗಂಟು ಅರ್ಬುದವೂ ಆಗಿರುತ್ತದೆ. ನೋಡದೆ ಹೇಳಲಾಗದು” ಎಂದರು. ಮೂರು ಮಾತುಗಳಲ್ಲಿ ನಮ್ಮ ಕಿವಿಗೆ ಬಿದ್ದುದು ಮೂರನೆಯದು ಮಾತ್ರ. ಸಂಗತಿ ಊರಲ್ಲಿ ಹೇಗೋ ಹರಡಿ, ಕೇಳಿದವರೆಲ್ಲರೂ “ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗಿಬಿಡಿ” ಎನ್ನತೊಡಗಿದರು. ಆ ಸಂಸ್ಥೆಯಲ್ಲಿ ಗುಣ ಹೊಂದಿ ಮನೆಗೆ ಬಂದ ಮಕ್ಕಳು ಎಷ್ಟೋ ಮಂದಿ ಇರುವರೆಂಬುದನ್ನು ಬಲ್ಲೆವು. ಆದರೂ ಆ ಹೆಸರನ್ನು ಕೇಳಿದೊಡನೆ ಎದೆ ತಣ್ಣಗಾಗುತ್ತಿತ್ತು.

ಶಸ್ತ್ರಚಿಕಿತ್ಸೆಗೆ ಜನವರಿಯ ಎರಡನೆಯ ವಾರ ಗೊತ್ತಾಯಿತು. ಈ ಸಲ ಮಗುವಿಗೆ ಸುಳ್ಳು ಹೇಳಬಾರದೆಂದು ನಾವು ನಿಶ್ಚಯಿಸಿದೆವು. ಎರಡು ದಿನ ಮುಂಚೆ ಅಂಗಳದಲ್ಲಿ ಕುಳ್ಳಿರಿಸಿಕೊಂಡು, ಅದರ ಬಟ್ಟೆಯ ಗೊಂಬೆಯ ಕೊರಳಿಗೆ ಒಂದು ಹುಣಿಸೆಯ ಬೀಜವನ್ನು ಕಟ್ಟಿ ಎಲ್ಲವನ್ನೂ ತೋರಿಸಿದೆವು. ಮೂಗಿನ ಮೇಲೆ ಒಂದು ಬಟ್ಟಲನ್ನು ಇಡುತ್ತಾರೆ; ಸಿಹಿಯಾದ ವಾಸನೆ ಬರುತ್ತದೆ; ನಿದ್ದೆ ಹತ್ತುತ್ತದೆ; ಗಂಟನ್ನು ತೆಗೆಯುತ್ತಾರೆ; ಎಚ್ಚರವಾಗುತ್ತದೆ ಎಂದು ವಿವರಿಸಿದೆವು.

“ನೋಯುತ್ತದಾ?” ಎಂದಿತು ಮಗು.

“ನಿದ್ದೆಯಲ್ಲಿರುವಾಗ ಗೊತ್ತೇ ಆಗುವುದಿಲ್ಲ. ಎದ್ದಮೇಲೆ ನೋಯುತ್ತದೆ. ಅದಕ್ಕೆ ಮದ್ದು ಕೊಡುತ್ತಾರೆ.”

“ಅಳಬಹುದಾ?”

“ಅಳಬಹುದು.”

“ನೀವು ಎಲ್ಲಿರುತ್ತೀರಿ?”

“ನಿದ್ದೆ ಬರುವವರೆಗೆ ಅಮ್ಮ ಕೈ ಹಿಡಿದುಕೊಂಡಿರುತ್ತಾಳೆ. ಆಮೇಲೆ ನಾವು ಬಾಗಿಲ ಹೊರಗಿರುತ್ತೇವೆ. ಎದ್ದಾಗ ಪಕ್ಕದಲ್ಲಿರುತ್ತೇವೆ.”

ಮಗು ಗೊಂಬೆಯನ್ನು ಮಲಗಿಸಿ, ಬೀಜವನ್ನು ತಾನೇ ಕಿತ್ತು ತೆಗೆದು, “ಇದಕ್ಕೆ ಸ್ವಲ್ಪ ನೋಯುತ್ತದೆ” ಎಂದು ಅದಕ್ಕೆ ಹೊದಿಸಿತು.

ಮಕ್ಕಳೊಡನೆ ತಾಯಿತಂದೆಗಳಿರಬೇಕೆಂಬುದು ನಮಗೆ ಹೊಸ ಮಾತಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯೊಬ್ಬನಿದ್ದರೆ ಮಂಚದ ಸುತ್ತ ಮನೆಯವರು ಮೂವರಿರುತ್ತಾರೆ. ಪಶ್ಚಿಮದಲ್ಲಿ ಹೀಗಿರಲಿಲ್ಲ. ಮಕ್ಕಳನ್ನು ಆಸ್ಪತ್ರೆಯಲ್ಲಿ ಬಿಟ್ಟು ತಾಯಿಯು ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಂದು ನೋಡಿ ಹೋಗಬೇಕೆಂಬ ನಿಯಮವು ಇಂಗ್ಲೆಂಡಿನಲ್ಲಿ ಬಹುಕಾಲ ನಡೆದಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಎರಡು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಕೆಲವು ದಿನಗಳನ್ನು ಕಳೆದ ಬಗೆಯನ್ನು ಚಲಚ್ಚಿತ್ರದಲ್ಲಿ ತೆಗೆದು ವೈದ್ಯರಿಗೆ ತೋರಿಸಿದರು. ಸದ್ದಿಲ್ಲದೆ ಮಲಗಿರುವ ಮಗುವು ಒಗ್ಗಿಕೊಂಡಿದೆಯೆಂದು ಎಣಿಸಬಾರದು, ಅದು ನೊಂದು ಸುಮ್ಮನಾಗಿದೆ ಎಂಬುದೇ ಅವರ ವಾದ. ಮೊದಮೊದಲು ವೈದ್ಯರು ಸಿಟ್ಟಾದರು. 1959ರಲ್ಲಿ ಅಲ್ಲಿನ ಸರ್ಕಾರದ ಪ್ಲಾಟ್ ಸಮಿತಿಯು, ತಾಯಿತಂದೆಗಳು ಬಂದುಹೋಗಲು ಅಡ್ಡಿಯಿರಬಾರದೆಂದು ಶಿಫಾರಸು ಮಾಡಿತು. ಬಸ್ಸಿನ ಕಿಟಕಿಯ ಕಡೆಗೆ ತಿರುಗಿ ಸುಮ್ಮನೆ ಕುಳಿತಿದ್ದ ನಮ್ಮ ಮಗುವಿನ ಬೆನ್ನು ಕಣ್ಣಮುಂದಿದ್ದುದರಿಂದ ಆ ವಾದವು ನಮಗೆ ಬೇಗ ಅರ್ಥವಾಯಿತು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಉಳಿದುಕೊಂಡೆವು. ಅರಿವಳಿಕೆಗೆ ಮುಂಚೆ ಆರು ಗಂಟೆಗಳ ಕಾಲ ಅನ್ನವಾಗಲಿ ಹಸುವಿನ ಹಾಲಾಗಲಿ ಕೂಡದು, ಎರಡು ಗಂಟೆ ಮುಂಚಿನವರೆಗೆ ತಿಳಿನೀರು ಮಾತ್ರ ಕೊಡಬಹುದು ಎಂದು ನರ್ಸಮ್ಮನವರು ಬರೆದೇ ಕೊಟ್ಟಿದ್ದರು. ಬೆಳಗಿನ ಜಾವ ಐದಕ್ಕೆ ಮಗು ಎದ್ದು ಹಾಲು ಕೇಳಿತು. ಪಕ್ಕದ ಮಂಚದ ಬಳಿಯಿದ್ದ ಹೆಂಗಸೊಬ್ಬರು ಕನಿಕರದಿಂದ, “ಒಂದು ಗುಟುಕು ಕೊಡ್ರಮ್ಮ, ಯಾರು ನೋಡ್ತಾರೆ?” ಎಂದರು. ಆ ಗುಟುಕು ಎಂತಹದೆಂಬುದನ್ನು ಎಲ್ಲ ತಾಯಿತಂದೆಗಳೂ ತಿಳಿದಿರಬೇಕು. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದರೆ ಕೆಮ್ಮಿ ಹೊರದೂಡುವ ಶಕ್ತಿ ಇರುವುದಿಲ್ಲ; ಅದು ನೇರವಾಗಿ ಶ್ವಾಸಕೋಶವನ್ನು ಸೇರುತ್ತದೆ. ನೀರನ್ನಷ್ಟೇ ಕೊಟ್ಟು, ಕಾರಣವನ್ನು ಮಗುವಿಗೇ ಹೇಳಿದೆವು. ಅದು ಅತ್ತಿತು, ಆದರೆ ಮುಖ ತಿರುಗಿಸಲಿಲ್ಲ.

ಒಂಬತ್ತು ಗಂಟೆಗೆ ಕರೆದರು. ನಮ್ಮಲ್ಲಿ ತಾಯಿಯಾದವಳು ಹಸುರು ನಿಲುವಂಗಿಯನ್ನು ತೊಟ್ಟು ಒಳಗೆ ಹೋದಳು. ತಂದೆಯಾದವನು ಹೊರಗೆ ಒಪ್ಪಿಗೆಯ ಕಾಗದಗಳಿಗೆ ರುಜು ಹಾಕಿದನು. ಕೊರಳಿನಲ್ಲಿ ನರಗಳೂ ರಕ್ತನಾಳಗಳೂ ಒತ್ತಾಗಿರುವುದರಿಂದ ಏನೇನಾಗಬಹುದೆಂದು ಅದರಲ್ಲಿ ಅಚ್ಚಾಗಿತ್ತು. ಒಳಗೆ ಮಗು ಬಟ್ಟಲಿನ ವಾಸನೆಯನ್ನು ಮೂಸಿ “ಸಿಹಿ ಇಲ್ಲ” ಎಂದಿತಂತೆ, ಏಳರವರೆಗೆ ಎಣಿಸಿತಂತೆ. ಹಿಡಿದಿದ್ದ ಬೆರಳುಗಳು ಸಡಿಲವಾದವು. ನಿದ್ದೆಯೆಂದು ಬಲ್ಲವಳಿಗೂ ಮಗುವಿನ ಕೈ ಹಾಗೆ ಸಡಿಲವಾದುದನ್ನು ಸಹಿಸುವುದು ಕಷ್ಟವಾಯಿತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರನ್ನು ಮೂಸಿಸಿ, ಕೊರಳಿನ ಗಂಟೊಂದನ್ನೇ ನೋವಿಲ್ಲದೆ ಕೊಯ್ದು ತೋರಿಸಿದರು. ಅದಕ್ಕೆ ಮುಂಚೆ ಇಂತಹ ಮಕ್ಕಳನ್ನು ನಾಲ್ವರು ಅದುಮಿ ಹಿಡಿದೇ ಕೊಯ್ಯಬೇಕಾಗಿತ್ತು. ಹೊರಗಿನ ಬೆಂಚಿನಲ್ಲಿ ಅದನ್ನು ನೆನೆದು ಮನಸ್ಸನ್ನು ಸಮಾಧಾನಪಡಿಸಿಕೊಂಡೆವು.

ಮುಕ್ಕಾಲು ಗಂಟೆಯ ತರುವಾಯ ಕೆಲಸ ಮುಗಿಯಿತು. ತೆಗೆದ ಗಂಟನ್ನು ಎರಡು ಭಾಗ ಮಾಡಿ ಎರಡು ಸೀಸೆಗಳಲ್ಲಿಟ್ಟರು. ಫಾರ್ಮಲಿನ್ ದ್ರವದಲ್ಲಿಟ್ಟುದು ಸೂಕ್ಷ್ಮದರ್ಶಕದ ಪರೀಕ್ಷೆಗೆ. ಬರಿಯ ಉಪ್ಪುನೀರಿನಲ್ಲಿಟ್ಟುದು ಕ್ಷಯದ ಕ್ರಿಮಿಯನ್ನು ಹುಡುಕುವುದಕ್ಕೆ ಮತ್ತು ಬೆಳೆಸಿ ನೋಡುವುದಕ್ಕೆ. ಫಾರ್ಮಲಿನ್ನಿನಲ್ಲಿ ಕ್ರಿಮಿಯು ಸಾಯುವುದರಿಂದ ಇಡಿಯ ಗಂಟನ್ನು ಅದರಲ್ಲಿ ಮುಳುಗಿಸಿದರೆ ಬೆಳೆಸುವ ಪರೀಕ್ಷೆಗೆ ಅವಕಾಶವಿರದು. ಇಂತಹ ಸಂದರ್ಭ ಬಂದವರು ಈ ಎರಡು ಸೀಸೆಗಳ ವಿಷಯವನ್ನು ಮುಂಚಿತವಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಮಗು ಕಣ್ಣು ತೆರೆದಾಗ ನಾವಿಬ್ಬರೂ ಪಕ್ಕದಲ್ಲಿದ್ದೆವು. ಒರಲಿತು, ಬಟ್ಟೆಯ ಪಟ್ಟಿಯನ್ನು ಕೀಳಲು ನೋಡಿತು, ವಾಂತಿ ಮಾಡಿತು. ಆಮೇಲೆ ನಮ್ಮ ಮುಖಗಳನ್ನು ನೋಡಿ, “ನೋಯುತ್ತದೆ ಅಂದಿದ್ದಿರಿ. ನೋಯುತ್ತಿದೆ” ಎಂದಿತು. ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳಿದ ಮಾತು ನಡೆಯಿತೆಂಬ ದನಿಯಲ್ಲಿ ಹೇಳಿತು.

ಇನ್ನು ಕಾಯುವ ದಿನಗಳು. ವರದಿಗೆ ಒಂದು ವಾರಕ್ಕೆ ಮೇಲಾಗುವುದೆಂದರು. ಸೀಸೆಯೊಳಗಿನ ತುಂಡನ್ನು ಒಮ್ಮೆ ನೋಡಿ ಹೇಳಿಬಿಡಬಾರದೇಕೆ ಎಂಬುದು ನಮ್ಮ ಅಸಹನೆ. ಆದರೆ ಹಸಿಯ ಮಾಂಸವು ಕೂದಲಿಗಿಂತ ತೆಳ್ಳಗೆ ಕೊಯ್ಯಲು ಬಾರದು. ಅದನ್ನು ಫಾರ್ಮಲಿನ್ನಿನಲ್ಲಿ ಗಟ್ಟಿಗೊಳಿಸಿ, ಮದ್ಯಸಾರದಲ್ಲಿ ನೀರಿನ ಅಂಶವನ್ನು ತೆಗೆದು, ಕರಗಿದ ಮೇಣದಲ್ಲಿ ಹೂತು, ಯಂತ್ರದಿಂದ ಪದರ ಪದರವಾಗಿ ಕೊಯ್ದು, ಗಾಜಿನ ಮೇಲೆ ಹರಡಿ, ನೀಲಿ ಮತ್ತು ಗುಲಾಬಿಯ ಬಣ್ಣಗಳನ್ನು ಹಚ್ಚಿದಮೇಲೆಯೇ ಕೋಶಗಳು ಕಾಣುವುವು. ಕಾಫಿಯ ಸೀಮೆಯವರಾದ ನಮಗೆ ಇದು ತಿಳಿಯಬೇಕಾಗಿತ್ತು. ಆಗ ನಮ್ಮ ಕಣದಲ್ಲಿಯೂ ಕೊಯ್ಲಿನ ಕಾಫಿ ಹರಡಿತ್ತು. ಅವಸರವೆಂದು ಹಸಿಯ ಬೀಜವನ್ನು ಯಾರೂ ಹುರಿಯುವುದಿಲ್ಲವಷ್ಟೆ.

ಮೂರನೆಯ ದಿನ ಮೊದಲ ಸುದ್ದಿ ಬಂದಿತು. ಉಪ್ಪುನೀರಿನ ಸೀಸೆಯ ತುಂಡನ್ನು ಕ್ಷಯಕ್ರಿಮಿಯ ವಂಶಧಾತುವನ್ನು ಹುಡುಕುವ ಯಂತ್ರದಲ್ಲಿ ಪರೀಕ್ಷಿಸಿದ್ದರು. ಕ್ರಿಮಿ ಕಾಣಲಿಲ್ಲವೆಂದು ವರದಿ. ಗಂಟಿನ ಕ್ಷಯದಲ್ಲಿ ಕ್ರಿಮಿಗಳು ಬಹಳ ಕಡಮೆಯಿರುವುದರಿಂದ ಕೆಲವು ಸಲ ಯಂತ್ರಕ್ಕೆ ಸಿಕ್ಕುವುದಿಲ್ಲ, ಇದರಿಂದ ಏನನ್ನೂ ತೀರ್ಮಾನಿಸಬೇಡಿರೆಂದು ಡಾಕ್ಟರವರು ಹೇಳಿಕಳುಹಿದರು. ನಾವು ತೀರ್ಮಾನಿಸಿಯೇಬಿಟ್ಟೆವು. ಮೂರರಲ್ಲಿ ಒಂದು ಹೋಯಿತು. ಉಳಿದುದರಲ್ಲಿ ಕೆಟ್ಟುದೇ ಹತ್ತಿರವಾಯಿತು ಎಂದುಕೊಂಡೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿಕೊಂಡು, ಒಬ್ಬರಿಗೊಬ್ಬರು ನಿದ್ದೆಹೋದವರಂತೆ ತೋರಿಸಿಕೊಳ್ಳುತ್ತಿದ್ದೆವು. ಹೊರಗೆ ಮಂಜು ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಜ್ಜಿ ಕೆಮ್ಮಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದರು. ಮಳೆಗಾಲದಿಂದಲೂ ಆ ಕೆಮ್ಮು ಇತ್ತು. ಒಲೆಯ ಹೊಗೆಗೆ ಎನ್ನುತ್ತಿದ್ದೆವು, ಚಳಿಗೆ ಎನ್ನುತ್ತಿದ್ದೆವು, ಕಣದ ದೂಳಿಗೆ ಎನ್ನುತ್ತಿದ್ದೆವು. ಗಡಿಯಾರದ ಸದ್ದಿನಂತೆ ಮನೆಯ ಸದ್ದುಗಳಲ್ಲಿ ಅದೂ ಒಂದಾಗಿಹೋಗಿತ್ತು. ಕತ್ತಲೆಯಲ್ಲಿ ನಾವಿಬ್ಬರೂ ಒಟ್ಟಿಗೆ ಎದ್ದು ಕುಳಿತೆವು. “ಮನೆಯಲ್ಲಿ ಯಾರಿಗಾದರೂ ಬಹುದಿನದ ಕೆಮ್ಮು ಉಂಟೋ?” “ಇಲ್ಲ.”

ಇದರ ಮುಂದಿನದನ್ನು ಬರೆಯಲು ನಾಚಿಕೆಯಾಗುವುದಾದರೂ ಬರೆಯದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ಆ ಕ್ಷಣದಲ್ಲಿ ನಮಗೆ ಬಂದುದು ಅಜ್ಜಿಯ ಮೇಲಿನ ಮರುಕವಲ್ಲ, ಆಸೆ. ಅಜ್ಜಿಗೆ ಕ್ಷಯವಿದ್ದರೆ ಮಗುವಿನದೂ ಕ್ಷಯವೇ ಆಗಿರಬಹುದು. ಹಾಗಾದರೆ ಅದು ಇನ್ನೊಂದಲ್ಲ. ಹೆತ್ತು ಸಾಕಿದ ತಾಯಿಗೆ ರೋಗವಿರಲಿ ಎಂದು ನಾವು ನಡುರಾತ್ರಿಯಲ್ಲಿ ದೇವರನ್ನು ಬೇಡಿದೆವು.

ಬೆಳಗಾದಮೇಲೆ ಅಜ್ಜಿಯ ಮುಂದೆ ಕುಳಿತು, ಕಫವನ್ನು ಪರೀಕ್ಷೆ ಮಾಡಿಸಬೇಕೆಂದೆವು. ಕಾರಣವನ್ನು ಹೇಗೆ ಹೇಳುವುದೆಂದು ತಡವರಿಸುತ್ತಿರುವಷ್ಟರಲ್ಲಿ ಅವರೇ, “ನನ್ನಿಂದ ಬಂದದ್ದಾ?” ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ. ಅವರು ಬಹು ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಿದ್ದು, “ಹಾಗಿದ್ದರೆ ನನ್ನಿಂದಲೇ ಬಂದದ್ದಾಗಿರಲಿ. ಇದಕ್ಕೆ ಈಗ ಮದ್ದಿದೆಯಲ್ಲ” ಎಂದರು. ನಾವು ಕದ್ದು ಬೇಡಿದುದನ್ನು ಅವರು ಬಾಯಿ ಬಿಟ್ಟು ಬೇಡಿದರು.

ಆಗ ಗಂಡಮಾಲೆಯ ಕಥೆಯೂ ಹೊರಬಂದಿತು. ಅವರಿಗೊಬ್ಬ ಅಕ್ಕನಿದ್ದಳಂತೆ. 1950ರ ದಶಕದ ಕೊನೆಯಲ್ಲಿ, ಹದಿನಾಲ್ಕು ವರ್ಷದ ಹುಡುಗಿಗೆ ಕೊರಳಿನಲ್ಲಿ ಗಂಟುಗಳೆದ್ದು, ಒಡೆದು, ಕೊನೆಗೆ ಎದೆಗೂ ರೋಗ ಹತ್ತಿತಂತೆ. ಹಿತ್ತಲ ಕೋಣೆಯಲ್ಲಿರಿಸಿ, ಊಟವನ್ನು ಬಾಗಿಲಲ್ಲಿಟ್ಟು ಬರುತ್ತಿದ್ದರಂತೆ. ಸತ್ತಮೇಲೆ ಯಾರೂ ಅವಳ ಹೆಸರೆತ್ತಲಿಲ್ಲ; ಎತ್ತಿದರೆ ಮನೆಯ ಉಳಿದ ಹೆಣ್ಣುಮಕ್ಕಳಿಗೆ ಮದುವೆಯಾಗುವುದು ಕಷ್ಟ. ಇಷ್ಟು ವರ್ಷ ನಮಗೂ ಹೇಳಿರಲಿಲ್ಲ.

ಆ ಕಾಲದಲ್ಲಿ ನಡೆದುದನ್ನು ಈಗ ಓದಿದರೆ ಸಂಕಟವಾಗುವುದು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವು 1921ರಲ್ಲಿಯೇ ತೆರೆದಿತ್ತು. ಆದರೆ ಆಗ ಗಾಳಿ, ಬೆಳಕು, ಹಾಲು, ವಿಶ್ರಾಂತಿಗಳೇ ಚಿಕಿತ್ಸೆ; ಅರಮನೆಯವರನ್ನೂ ಅದು ಉಳಿಸಲಾರದಾಗಿತ್ತು. ರಾಬರ್ಟ್ ಕಾಖ್ ಅವರು 1882ರ ಮಾರ್ಚ್ 24ರಂದು ಕ್ರಿಮಿಯನ್ನು ತೋರಿಸಿಕೊಟ್ಟರೂ ಅದನ್ನು ಕೊಲ್ಲುವ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಐಸೋನಿಯಾಜಿಡ್ ಬಂದುದು 1952ರಲ್ಲಿ. 1956ರಲ್ಲಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ತೆರೆದು, ರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಅದೇ ಔಷಧಗಳನ್ನು ಕೊಟ್ಟು ಹೋಲಿಸಿ ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಗುಣ ಹೊಂದಿದರೆಂದು 1959ರಲ್ಲಿ ಪ್ರಕಟವಾಯಿತು; ಅವರಿಂದ ಮನೆಯವರಿಗೆ ರೋಗವು ಹೆಚ್ಚಾಗಿ ಹರಡಲಿಲ್ಲವೆಂಬುದೂ ತಿಳಿದುಬಂದಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಸ್ಥಾಪಿತವಾಯಿತು. ಮಲೆನಾಡಿನ ಹಿತ್ತಲ ಕೋಣೆಗೆ ಮಾತ್ರ ಆ ಸುದ್ದಿ ಹೊತ್ತಿಗೆ ಸರಿಯಾಗಿ ತಲಪಲಿಲ್ಲ.

ಕಾಯುತ್ತಿದ್ದ ಆ ದಿನಗಳಲ್ಲಿ ನಾವು ಇನ್ನೊಂದು ಮಗುವಿನ ಕಥೆಯನ್ನೂ ಓದಿದೆವು. ಇಂಗ್ಲೆಂಡಿನ ಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಯಲ್ ಜಾನ್‌ಸನ್ನನಿಗೆ ಶೈಶವದಲ್ಲಿ ಇದೇ ಗಂಡಮಾಲೆಯಿತ್ತು. ರಾಜರು ಮುಟ್ಟಿದರೆ ಆ ರೋಗವು ವಾಸಿಯಾಗುವುದೆಂಬ ನಂಬಿಕೆ ಅಲ್ಲಿ ಇದ್ದುದರಿಂದ, 1712ರಲ್ಲಿ ಎರಡೂವರೆ ವರ್ಷದ ಮಗುವನ್ನು ತಾಯಿಯು ಲಂಡನ್ನಿಗೆ ಕರೆದೊಯ್ದು ಆ್ಯನ್ ರಾಣಿಯಿಂದ ಮುಟ್ಟಿಸಿದಳು. ರಾಣಿ ಕೊಟ್ಟ ಚಿನ್ನದ ಬಿಲ್ಲೆಯನ್ನು ಅವನು ಕೊನೆಯವರೆಗೂ ಕೊರಳಲ್ಲಿ ಧರಿಸಿದ್ದನು. ರೋಗವೇನೋ ಹೋಗಲಿಲ್ಲ. ಆ ತಾಯಿಯನ್ನು ನೋಡಿ ನಗುವ ಧೈರ್ಯ ನಮಗಿರಲಿಲ್ಲ. ನಮ್ಮ ದೇವರ ಗೂಡಿನಲ್ಲಿಯೂ ಅರಿಸಿನದ ಗಂಟೊಂದಿತ್ತು. ಮಗುವನ್ನು ಎತ್ತಿಕೊಂಡು ಹೋಗಬಹುದಾದ ಕಡೆಗೆಲ್ಲ ತಾಯಂದಿರು ಹೋಗುವರು. ನಮಗೆ ಹೋಗಲು ಹಾಸನವಿತ್ತು, ಅವಳಿಗೆ ಇರಲಿಲ್ಲ.

ಅಜ್ಜಿಯ ಕಫದ ವರದಿಯು ಎರಡನೆಯ ದಿನ ಬಂದಿತು. ಅದರಲ್ಲಿ ಕ್ಷಯದ ಕ್ರಿಮಿಯಿತ್ತು. ಮುಖ್ಯ ಔಷಧವಾದ ರಿಫಾಂಪಿಸಿನ್ನಿಗೆ ಬಗ್ಗುವ ಜಾತಿಯದೆಂದೂ ತಿಳಿಯಿತು. ಒಂಬತ್ತನೆಯ ದಿನ ಹಾಸನದಲ್ಲಿ ಡಾಕ್ಟರವರು ಮಗುವಿನ ವರದಿಯನ್ನು ಕೈಗೆ ತೆಗೆದುಕೊಂಡಾಗ, ಅದನ್ನು ಬಿಚ್ಚುವ ಮುನ್ನವೇ ನಾವು ಹೇಳಿದೆವು: “ಅಂದು ನೀವು ಕೇಳಿದಾಗ ಇಲ್ಲವೆಂದೆವು. ಕೆಮ್ಮು ಇತ್ತು.” ಅವರು ತಲೆಯಾಡಿಸಿ, “ನೂರಕ್ಕೆ ಎಷ್ಟೋ ಮನೆಗಳಲ್ಲಿ ಹೀಗೆಯೇ” ಎಂದು, ಕಾಗದವನ್ನು ಓದಿದರು. ಗಂಟಿನೊಳಗೆ ಕ್ಷಯದ ಗುರುತಾದ ಗಿಣ್ಣಿನಂತಹ ಕೊಳೆತವೂ ಅದನ್ನು ಸುತ್ತುಗಟ್ಟಿದ ಕೋಶಗಳೂ ಇದ್ದುವು. ಅರ್ಬುದವಿಲ್ಲ. ಆರು ವಾರಗಳ ತರುವಾಯ, ಉಪ್ಪುನೀರಿನ ಸೀಸೆಯಿಂದ ಬೆಳೆಸಿದ ಪಾತ್ರೆಯಲ್ಲಿಯೂ ಕ್ರಿಮಿ ಬೆಳೆದು, ಉಳಿದಿದ್ದ ಸಂಶಯವನ್ನು ಹೋಗಲಾಡಿಸಿತು.

ಮಗುವಿಗೆ ಕ್ಷಯವೆಂದು ಕೇಳಿ ಸಂತೋಷಪಟ್ಟ ತಾಯಿತಂದೆಗಳು ಅಂದು ನಾವಿಬ್ಬರು. ಆ ಸಂತೋಷವು ಬಸ್ಸು ಬೇಲೂರನ್ನು ತಲಪುವವರೆಗೆ ಇತ್ತು. ಅಲ್ಲಿಂದ ಮುಂದೆ, ಮನೆಯಲ್ಲಿ ಕಾದಿರುವ ಅಜ್ಜಿಯ ಮುಖವು ಕಣ್ಣ ಮುಂದೆ ಬಂದಿತು.

ಚಿಕಿತ್ಸೆಯು ಸರ್ಕಾರದಿಂದ ಉಚಿತ. ಎರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು. ಮಗುವಿಗೆ ತೂಕಕ್ಕೆ ತಕ್ಕಂತೆ ನೀರಿನಲ್ಲಿ ಕರಗುವ ಗುಳಿಗೆಗಳು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ಪ್ರತಿ ರೋಗಿಗೂ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಿದ್ದರು. ಆರೋಗ್ಯ ಇಲಾಖೆಯವರು ಮನೆಗೆ ಬಂದು ಉಳಿದವರನ್ನೂ ಪರೀಕ್ಷಿಸಿ, ನಮಗಿಬ್ಬರಿಗೆ ರೋಗ ಬಾರದಂತೆ ತಡೆಯುವ ಗುಳಿಗೆಗಳನ್ನು ಕೊಟ್ಟರು. ಮಗುವಿಗೆ ಹುಟ್ಟಿದಾಗಲೇ ಬಿ.ಸಿ.ಜಿ. ಹಾಕಿಸಿದ್ದೆವಲ್ಲ ಎಂದು ಕೇಳಿದೆವು. ಮೆದುಳಿಗೂ ಮೈಗೆಲ್ಲಕ್ಕೂ ಹರಡುವ ಘೋರವಾದ ಕ್ಷಯದಿಂದ ಮಕ್ಕಳನ್ನು ಅದು ಬಹುಮಟ್ಟಿಗೆ ಕಾಪಾಡುವುದು, ಎಲ್ಲ ಬಗೆಯ ಕ್ಷಯವನ್ನೂ ತಡೆಯಲಾರದು ಎಂಬುದು ಅವರು ಕೊಟ್ಟ ಉತ್ತರ.

ಬಂಧುಗಳೊಬ್ಬರು ಮನೆಗೆ ಬಂದು, “ಹೆಣ್ಣುಮಗು, ಯಾರಿಗೂ ಹೇಳಬೇಡಿ” ಎಂದು ಹಿತ ನುಡಿದರು. ಅಜ್ಜಿ ಕಿಟಕಿಯ ಬಳಿ ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದವರು, “ಹೇಳದೆ ಇದ್ದದ್ದು ಸಾಕು” ಎಂದರು. ಶಾಲೆಯಲ್ಲಿ ಉಪಾಧ್ಯಾಯಿನಿಯವರಿಗೆ ನಾವೇ ತಿಳಿಸಿದೆವು. ಎದೆಗೆ ತಗಲದ ಗಂಟಿನ ಕ್ಷಯವು ಇನ್ನೊಬ್ಬರಿಗೆ ಅಂಟದೆಂಬ ಡಾಕ್ಟರವರ ಚೀಟಿಯನ್ನೂ ಕೊಟ್ಟೆವು. ಮಗು ಎಂದಿನಂತೆ ಶಾಲೆಗೆ ಹೋಯಿತು.

ಅಜ್ಜಿಯ ಹಾಸಿಗೆಯನ್ನು ಗಾಳಿಬೆಳಕಿರುವ ಮುಂದಿನ ಕೋಣೆಯಲ್ಲಿ ಹಾಕಿದೆವು; ಹಿತ್ತಲ ಕಡೆಗೆ ಹಾಕಲಿಲ್ಲ. ಸರಿಯಾಗಿ ಔಷಧ ಹೊಟ್ಟೆಗೆ ಬಿದ್ದ ಕೆಲವು ವಾರಗಳಲ್ಲಿಯೇ ಅಂಟುವ ಭಯವು ಬಹುಮಟ್ಟಿಗೆ ಹೋಗುವುದೆಂದರೂ, ಡಾಕ್ಟರವರು ಒಪ್ಪುವವರೆಗೆ ಅವರೇ ಮಗುವನ್ನು ಮಗ್ಗುಲಿಗೆ ಬರಗೊಡಲಿಲ್ಲ. ಬೆಳಗ್ಗೆ ಹಜಾರದ ಆ ಕೊನೆಯಲ್ಲಿ ಅಜ್ಜಿ, ಈ ಕೊನೆಯಲ್ಲಿ ಮೊಮ್ಮಗಳು. ಇಬ್ಬರೂ ಒಂದೇ ಹೊತ್ತಿಗೆ ಮದ್ದು ನುಂಗುವರು. ಮಗು ಕ್ಯಾಲೆಂಡರಿನಲ್ಲಿ ಎರಡು ಗೀಟು ಹಾಕುವುದು. ಔಷಧದ ಗುಣದಿಂದ ಮೂತ್ರವು ಕಿತ್ತಳೆಯ ಬಣ್ಣಕ್ಕೆ ತಿರುಗಬಹುದೆಂದು ಮೊದಲೇ ತಿಳಿಸಿದ್ದೆವಾದುದರಿಂದ ಅದು ಅಂಜಲಿಲ್ಲ, “ಅಜ್ಜಿ, ನಿಮಗೂ ಬಂತಾ?” ಎಂದು ಹಜಾರದ ಈ ಕೊನೆಯಿಂದ ಕೂಗಿ ಕೇಳಿತು.

2025ರ ಜುಲೈ ತಿಂಗಳಿಗೆ ಇಬ್ಬರ ಔಷಧವೂ ಮುಗಿಯಿತು. ಮಗುವಿನ ಕೊರಳಿನಲ್ಲಿ ಈಗ ಬೆರಳಗಲದ ಒಂದು ಗೀರು ಮಾತ್ರ ಇದೆ. ಮಳೆ ಬಿಡುವು ಕೊಟ್ಟ ಒಂದು ದಿನ ಅಜ್ಜಿ ಮುಡಿಪಿನ ಗಂಟನ್ನು ತೆಗೆದುಕೊಂಡು ಬೇಲೂರಿಗೆ ಹೊರಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವನ ಮುಂದೆ ಅದನ್ನು ಬಿಚ್ಚಿದಾಗ ಅದರಲ್ಲಿ ಎರಡು ನಾಣ್ಯಗಳಿದ್ದುವು. ಎರಡನೆಯದು ತಮಗೆಂದೇ ಎಂದು ಕೇಳಿದೆವು. “ಅಕ್ಕನಿಗೆ” ಎಂದು ಹೇಳಿ, ನಮಗೆ ಮೊದಲ ಸಲ ಅವಳ ಹೆಸರನ್ನು ಹೇಳಿದರು.

ನಮ್ಮ ಮಾತು ಇಷ್ಟೆ. ಮಕ್ಕಳಿಗೆ ನೋಯುವುದಾದರೆ ನೋಯುವುದೆಂದೇ ಹೇಳಿರಿ, ಹೇಳಿದಮೇಲೆ ಪಕ್ಕದಲ್ಲಿರಿ. ಮತ್ತು ಈ ಲೇಖನವನ್ನು ಓದಿ ಮುಗಿಸಿದ ರಾತ್ರಿ, ದೀಪವನ್ನು ಆರಿಸಿದಮೇಲೆ, ನಿಮ್ಮ ಮನೆಯ ಸದ್ದುಗಳನ್ನು ಸ್ವಲ್ಪ ಹೊತ್ತು ಕೇಳಿರಿ. ಎರಡು ವಾರಕ್ಕೆ ಮೀರಿದ ಕೆಮ್ಮು ಯಾರದಾದರೂ ಕೇಳಿಸಿದರೆ, ಬೆಳಗಾದೊಡನೆ ಅವರನ್ನು ಕರೆದುಕೊಂಡು ಹೋಗಿ ಕಫವನ್ನು ಪರೀಕ್ಷೆ ಮಾಡಿಸಿರಿ.